ಗೀರಿಗೂ ಬಿರುಕಿಗೂ ನಡುವೆ

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ಎತ್ತಿ ತೋರಿಸಿದಾಗ ಅದರ ಪರದೆಗೆ ಹೊದಿಸಿದ್ದದ್ದು ಪ್ಲಾಸ್ಟಿಕ್. ಅದೇ ಫೋನ್ ಜೂನ್ 29ರಂದು ಅಂಗಡಿಗೆ ಬಂದಾಗ ಪ್ಲಾಸ್ಟಿಕ್ ಹೋಗಿ ಗಾಜು ಬಂದಿತ್ತು. ಮಾದರಿ ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ ಜಾಬ್ಸ್‌ಗೆ, ಜೊತೆಗಿದ್ದ ಬೀಗದ ಕೈಗಳು ಪರದೆಯ ತುಂಬ ಗೀರೆಳೆದದ್ದು ಕಂಡಿತ್ತು. ಅದನ್ನು ಅವರು ಒಪ್ಪಲಿಲ್ಲ. ಮಾರಾಟಕ್ಕೆ ಹನ್ನೊಂದು ದಿನ ಇರುವಾಗ, ಜೂನ್ 18ರಂದು, ಪರದೆ ಗಾಜಿನದಾಗಿದೆ ಎಂದು ಆ್ಯಪಲ್ ಪ್ರಕಟಿಸಿತು. ಗೀರು ತಡೆಯುವುದಕ್ಕೆ ಮತ್ತು ಚಿತ್ರ ಸ್ವಚ್ಛವಾಗಿ ಕಾಣುವುದಕ್ಕೆ ಎಂದು ಕಾರಣವನ್ನೂ ಕೊಟ್ಟಿತು.

ಆ ಪ್ರಕಟಣೆಯಲ್ಲಿ ಇಲ್ಲದ ಇನ್ನೊಂದು ಮುಖ ಈ ಬದಲಾವಣೆಗಿದೆ. ಪ್ಲಾಸ್ಟಿಕ್ ಪರದೆ ಬೀಗದ ಕೈಗೆ ಸೋಲುತ್ತಿತ್ತು, ಆದರೆ ನೆಲಕ್ಕೆ ಬಿದ್ದರೆ ಚೂರಾಗುತ್ತಿರಲಿಲ್ಲ. ಗಾಜು ಬೀಗದ ಕೈಗೆ ಜಗ್ಗುವುದಿಲ್ಲ, ಬಿದ್ದರೆ ಒಡೆಯುತ್ತದೆ. ಅಂದಿನಿಂದ ಮೊಬೈಲ್ ಗಾಜಿನ ಚರಿತ್ರೆಯೆಲ್ಲ ಈ ಎರಡು ತುದಿಗಳ ನಡುವಿನ ಓಡಾಟ. ಕಂಪನಿಗಳು ಬೇಕೆಂದೇ ಅರ್ಧಂಬರ್ಧ ಗಾಜು ಮಾಡುತ್ತವೆ ಎಂದು ದೂರುವವರಿದ್ದಾರೆ. ನಾನು ಹಾಗೆ ನಂಬುವುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ಕಟ್ಟು ಗಾಜಿನ ಒಳಗೇ ಇದೆ, ಪರಮಾಣುಗಳ ಜೋಡಣೆಯಲ್ಲೇ ಇದೆ. ಅದನ್ನು ಬಿಡಿಸಿ ನೋಡುವುದು ಈ ಅಧ್ಯಾಯದ ಕೆಲಸ.

ಕರ್ನಾಟಕದ ಹಿರಿಯರ ಮಣಿಕಟ್ಟಿಗೆ ಈ ಕೊಡುಕೊಳ್ಳುವಿಕೆ ಮೊದಲೇ ಪರಿಚಯವಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿದ ಎಚ್ಎಂಟಿ ತನ್ನ ಜನತಾದಂಥ ಗಡಿಯಾರಗಳಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸುತ್ತಿತ್ತು. ಒಂದೆರಡು ವರ್ಷದಲ್ಲಿ ಅದು ಗೀರು ತುಂಬಿ ಮಂಕಾಗುತ್ತಿತ್ತು. ಆದರೆ ಬಚ್ಚಲ ಕಲ್ಲಿಗೆ ತಗುಲಿದರೂ ಸೀಳುತ್ತಿರಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಮತ್ತೆ ತಿಳಿಯಾಗುತ್ತಿತ್ತು. ಪೇಸ್ಟಿನಲ್ಲಿರುವ ನುಣುಪು ಪುಡಿ ಅಕ್ರಿಲಿಕ್ಕಿಗಿಂತ ಗಡಸು, ಆದ್ದರಿಂದ ಮೇಲ್ಪದರವನ್ನು ತೆಳ್ಳಗೆ ಸವೆಸಿ ಸಮ ಮಾಡುತ್ತದೆ. ಅದೇ ಉಪಾಯವನ್ನು ಇಂದು ಫೋನಿನ ಮೇಲೆ ಮಾಡುವವರಿದ್ದಾರೆ. ಫೋನಿನ ಗಾಜು ಆ ಪುಡಿಗಿಂತ ಗಡಸಾದ್ದರಿಂದ ಗೀರು ಹೋಗುವುದಿಲ್ಲ. ಗಾಜನ್ನು ನಿಜವಾಗಿ ಸವೆಸಬಲ್ಲ ಪಾಲಿಶ್ ಪುಡಿ ಹಚ್ಚಿದರೆ ಗೀರಿನ ಜೊತೆಗೆ ಇನ್ನೊಂದು ಅಮೂಲ್ಯ ವಸ್ತುವೂ ಹೋಗುತ್ತದೆ. ಅದು ಏನೆಂಬುದು ಮುಂದೆ ತಿಳಿಯುತ್ತದೆ.

ಯಾವುದು ಯಾವುದನ್ನು ಗೀರುತ್ತದೆ ಎಂಬ ಪ್ರಶ್ನೆಗೆ ಜರ್ಮನ್ ಖನಿಜ ವಿಜ್ಞಾನಿ ಫ್ರೀಡ್ರಿಕ್ ಮೋಹ್ಸ್ 1812ರಲ್ಲಿ ಕೊಟ್ಟ ಉತ್ತರ ಇಂದಿಗೂ ಬಳಕೆಯಲ್ಲಿದೆ. ಹತ್ತು ಖನಿಜಗಳನ್ನು ಅವರು ಏಣಿಯಂತೆ ಜೋಡಿಸಿದರು. ಮೇಲಿನದು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಒಂದನೆಯ ಮೆಟ್ಟಿಲಲ್ಲಿ ಟಾಲ್ಕ್. ಆ ಜಾತಿಯ ಮೆತ್ತನೆಯ ಖನಿಜಗಳಿಂದಾದ ಬಳಪದ ಕಲ್ಲು ಸಿಕ್ಕಿದ್ದರಿಂದಲೇ ಬೇಲೂರು ಹಳೇಬೀಡುಗಳ ಶಿಲ್ಪಿಗಳು ಉಳಿಯ ಮೊನೆಯಲ್ಲಿ ಮದನಿಕೆಯ ಬಳೆಗಳನ್ನೂ ಬಿಡಿಬಿಡಿಯಾಗಿ ಬಿಡಿಸಬಲ್ಲವರಾದರು. ಮೂರರಲ್ಲಿ ಕ್ಯಾಲ್ಸೈಟ್, ಆರರಲ್ಲಿ ಫೆಲ್ಡ್‌ಸ್ಪಾರ್, ಏಳರಲ್ಲಿ ಬೆಣಚುಕಲ್ಲು, ಒಂಬತ್ತರಲ್ಲಿ ಕುರುಂದ, ಹತ್ತರಲ್ಲಿ ವಜ್ರ. ಮೆಟ್ಟಿಲುಗಳ ಎತ್ತರ ಸಮನಾಗಿಲ್ಲ. ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಅಂತರ ಕೆಳಗಿನ ಯಾವ ಎರಡು ಮೆಟ್ಟಿಲುಗಳ ಅಂತರಕ್ಕಿಂತಲೂ ದೊಡ್ಡದು. ಮನುಷ್ಯನ ಉಗುರು ಸುಮಾರು ಎರಡೂವರೆ, ಹಿತ್ತಾಳೆಯ ಕೀಲಿ ಮೂರರ ಆಸುಪಾಸು, ಸಾಮಾನ್ಯ ಉಕ್ಕಿನ ಚಾಕು ಐದೂವರೆ, ಕಿಟಕಿ ಗಾಜೂ ಸುಮಾರು ಅಷ್ಟೇ. ಮೊಬೈಲ್ ಗಾಜು ಅದಕ್ಕಿಂತ ತುಸು ಮೇಲಿದೆ. ಯೂಟ್ಯೂಬಿನಲ್ಲಿ ಹೊಸ ಫೋನುಗಳನ್ನು ಗೀರಿ ತೋರಿಸುವ ಜ್ಯಾಕ್ ನೆಲ್ಸನ್ ಬಹುತೇಕ ಪ್ರತಿ ಸಲವೂ ಹೇಳುವ ಮಾತು ನೋಡುಗರಿಗೆ ಬಾಯಿಪಾಠವಾಗಿದೆ: ಆರರಲ್ಲಿ ಗೀರು ಶುರು, ಏಳರಲ್ಲಿ ಆಳ.

ಹಾಗಾದರೆ ಜೇಬಿನ ಬೀಗದ ಕೈಯಾಗಲಿ ನಾಣ್ಯವಾಗಲಿ ಇಂದಿನ ಗಾಜಿಗೆ ಶತ್ರುವಲ್ಲ. ಅವು ಬಿಡುವ ಬೂದುಬಣ್ಣದ ಗೆರೆ ಎಷ್ಟೋ ಸಲ ಗಾಜಿನ ಗಾಯವೇ ಅಲ್ಲ, ಗಾಜು ಲೋಹವನ್ನು ಕೆರೆದುಕೊಂಡ ಗುರುತು. ಉಜ್ಜಿ ಒರೆಸಿದರೆ ಹೋಗುತ್ತದೆ. ನಿಜವಾದ ಶತ್ರು ಕಣ್ಣಿಗೆ ಕಾಣದಷ್ಟು ಸಣ್ಣದು. ಜೇಬಿನ ಮೂಲೆಯಲ್ಲಿ, ವ್ಯಾನಿಟಿ ಬ್ಯಾಗಿನ ತಳದಲ್ಲಿ ಕೂತಿರುವ ಮಣ್ಣಿನ ಕಣ ಅದು. ಕರ್ನಾಟಕದ ಬಹುಭಾಗದ ನೆಲದಡಿ ಇರುವುದು ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಪುರಾತನ ಶಿಲೆ. ಲಾಲ್‌ಬಾಗಿನ ಬಂಡೆಯ ಮೇಲೆ ಹತ್ತಿ ನಿಂತವರೆಲ್ಲ ಅದರ ಮೇಲೆ ನಿಂತಿದ್ದಾರೆ, ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಆ ಶಿಲೆಯ ಮುಖ್ಯ ಖನಿಜಗಳು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಅಂದರೆ ಸರಿಯಾಗಿ ಏಳು ಮತ್ತು ಆರು. ಬಿಸಿಲು ಮಳೆಗೆ ಅದು ಸವೆದು ಧೂಳಾಗುತ್ತದೆ. ಅದೇ ಬಗೆಯ ಕಲ್ಲನ್ನು ಕ್ರಷರಿನಲ್ಲಿ ಪುಡಿಮಾಡಿ ಎಂ-ಸ್ಯಾಂಡ್ ಎಂದು ಊರೂರಿನ ಕಟ್ಟಡ ಕೆಲಸಕ್ಕೆ ಸುರಿಯುತ್ತೇವೆ. ಹೊಳೆಯ ಮರಳು ಉರುಳಿ ಉರುಳಿ ದುಂಡಗಾಗಿರುತ್ತದೆ, ಕ್ರಷರಿನ ಪುಡಿಗೆ ಅಂಚು ಚೂಪು. ಅಂಥದೊಂದು ಕಣ ಗಾಜಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡು, ಬೈಕಿನ ಮೇಲೆ ಕೂತವನ ತೊಡೆ ಅದನ್ನು ಒತ್ತಿದರೆ ಸಾಕು. ಒಡವೆಗಳನ್ನೂ ಮರೆಯಬಾರದು. ಉಂಗುರದ ಮಾಣಿಕ್ಯ ಮತ್ತು ನೀಲ ಎರಡೂ ಕುರುಂದದ ಬಗೆಗಳೇ. ಫೋನನ್ನು ಕೆನ್ನೆಗೆ ಒತ್ತಿ ಮಾತಾಡುವಾಗ ತಗುಲುವ ವಜ್ರದ ಮೂಗುತಿ ಯಾವ ಪರದೆಯನ್ನಾದರೂ ಗೀರಬಲ್ಲದು.

ಗೀರು ಬರೀ ಅಂದಗೇಡಾಗಿದ್ದರೆ ವಿಷಯ ಇಲ್ಲಿಗೇ ಮುಗಿಯುತ್ತಿತ್ತು. ಗಾಜಿನ ಅಂಗಡಿಯವನು ಕೆಲಸ ಮಾಡುವುದನ್ನು ಒಮ್ಮೆ ನೋಡಿ. ದೊಡ್ಡ ಹಲಗೆಯನ್ನು ಆತ ಕೊಯ್ಯುವುದಿಲ್ಲ. ಕಟರಿನ ಪುಟ್ಟ ಚಕ್ರವನ್ನು ಸ್ಕೇಲಿನ ಗುಂಟ ಒಂದೇ ಸಲ ಎಳೆದು ತೆಳುವಾದ ಗೀರು ಹಾಕುತ್ತಾನೆ. ಆಮೇಲೆ ಎರಡೂ ಕಡೆ ಹಿಡಿದು ಮೆಲ್ಲಗೆ ಬಾಗಿಸಿದರೆ ಹಲಗೆ ಆ ಗೆರೆಯಲ್ಲೇ ಎರಡಾಗುತ್ತದೆ. ಐದು ಮಿಲಿಮೀಟರ್ ದಪ್ಪದ ಗಾಜಿನಲ್ಲಿ ಆ ಗೀರಿನ ಆಳ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಆದರೂ ಅದೇ ಇಡೀ ಹಲಗೆಯ ಹಣೆಬರಹ ಬರೆಯುತ್ತದೆ.

ಇದರ ಹಿಂದಿನ ಕಾರಣವನ್ನು ಹುಡುಕಿದವರು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್ ಅಲನ್ ಆರ್ನಾಲ್ಡ್ ಗ್ರಿಫಿತ್. ಪರಮಾಣುಗಳ ನಡುವಿನ ಬಂಧದ ಬಲವನ್ನು ಲೆಕ್ಕ ಹಾಕಿದರೆ ಗಾಜು ಉಕ್ಕಿಗಿಂತ ಬಲವಾಗಿರಬೇಕು. ನಿಜದಲ್ಲಿ ಅದರ ನೂರರಲ್ಲೊಂದು ಪಾಲು ಬಲಕ್ಕೇ ಒಡೆಯುತ್ತದೆ. ಗ್ರಿಫಿತ್ ಗಾಜನ್ನು ಕಾಯಿಸಿ ಎಳೆದು ಎಳೆಗಳನ್ನು ಮಾಡಿದರು. ಒಂದು ಮಿಲಿಮೀಟರ್ ದಪ್ಪದ ಎಳೆ ಸುಮಾರು 170 ಮೆಗಾಪಾಸ್ಕಲ್ ಎಳೆತಕ್ಕೆ ತುಂಡಾಯಿತು. ಮಿಲಿಮೀಟರಿನ ಮುನ್ನೂರನೇ ಒಂದು ಭಾಗದಷ್ಟು ತೆಳುವಾದ ಎಳೆ ಸುಮಾರು 3,400 ಮೆಗಾಪಾಸ್ಕಲ್ ತಾಳಿತು. ಒಂದು ಮೆಗಾಪಾಸ್ಕಲ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಹತ್ತು ಕಿಲೊ ಭಾರ ಎಂದಿಟ್ಟುಕೊಳ್ಳಿ. ಒಂದೇ ಗಾಜು, ಇಪ್ಪತ್ತು ಪಟ್ಟು ವ್ಯತ್ಯಾಸ! 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಕೊಟ್ಟ ವಿವರಣೆ ಇಂದು ಇಡೀ ಮುರಿತ ವಿಜ್ಞಾನಕ್ಕೆ ತಳಪಾಯ. ಗಾಜಿನ ಮೈಮೇಲೆಲ್ಲ ಕಾಣದ ಬಿರುಕುಗಳಿವೆ. ಎಳೆತ ಬಿದ್ದಾಗ ಬಲವೆಲ್ಲ ಬಿರುಕಿನ ಮೊನೆಯಲ್ಲಿ ಕೂಡುತ್ತದೆ. ಮೊನೆ ಚೂಪಾದಷ್ಟೂ, ಬಿರುಕು ಉದ್ದವಾದಷ್ಟೂ ಒಡೆಯಲು ಬೇಕಾದ ಬಲ ಕಡಿಮೆ. ತೆಳು ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ, ಅದಕ್ಕೇ ಅದು ಗಟ್ಟಿ.

ಲೋಹದಲ್ಲಿಯೂ ಬಿರುಕುಗಳಿರುತ್ತವೆ. ಅಲ್ಲಿ ಮೊನೆಯ ಬಳಿ ಬಲ ಹೆಚ್ಚಾದಾಗ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಿ ಮೊನೆಯನ್ನು ಮೊಂಡು ಮಾಡುತ್ತವೆ. ಗಾಜಿನಲ್ಲಿ ಜಾರಲು ಸಾಲುಗಳಿಲ್ಲ. ಸಿಲಿಕಾನ್ ಆಮ್ಲಜನಕಗಳು ಗೊತ್ತುಗುರಿಯಿಲ್ಲದ ಬಲೆಯಾಗಿ ಬಿಗಿದುಕೊಂಡಿವೆ. ಆ ಬಿಗಿತವೇ ಗಾಜಿಗೆ ಗಡಸುತನ ಕೊಟ್ಟಿದೆ, ಬೀಗದ ಕೈಗೆ ಜಗ್ಗದಂತೆ ಮಾಡಿದೆ. ಅದೇ ಬಿಗಿತ ಬಿರುಕಿನ ಮೊನೆ ಮೊಂಡಾಗಲು ಬಿಡುವುದಿಲ್ಲ. ಗೀರು ತಡೆಯುವ ಗುಣವೂ ಬಿರುಕಿಗೆ ಸೋಲುವ ಗುಣವೂ ಒಂದೇ ಬೇರಿನಿಂದ ಬಂದವು. ಇಷ್ಟು ಹಿಡಿದರೆ ಮುಂದಿನದೆಲ್ಲ ಸುಲಭ.

ಬಿರುಕು ಹುಟ್ಟದಂತೆ ನೋಡಿಕೊಳ್ಳುವುದು ಆಗದ ಮಾತು. ಆದರೆ ಹುಟ್ಟಿದ ಬಿರುಕು ಬಾಯಿ ಬಿಡದಂತೆ ಅದುಮಿ ಹಿಡಿಯಬಹುದು. ಅಮೆರಿಕದ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಕಿಸ್ಲರ್ 1962ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಜಗತ್ತಿನ ಅತಿ ಹಗುರ ಘನವಸ್ತುಗಳಲ್ಲೊಂದಾದ ಏರೋಜೆಲ್ ಕಂಡುಹಿಡಿದವರೂ ಇವರೇ. ಸೋಡಿಯಂ ಇರುವ ಗಾಜನ್ನು ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಮುಳುಗಿಸಿಡಬೇಕು. ಈ ಪೊಟ್ಯಾಸಿಯಂ ನೈಟ್ರೇಟ್ ಬೇರೇನೂ ಅಲ್ಲ, ಸಿಡಿಮದ್ದಿಗೆ ಹಾಕುತ್ತಿದ್ದ ಪೆಟ್ಲುಪ್ಪು. 334 ಡಿಗ್ರಿ ಸೆಲ್ಸಿಯಸ್ಸಿಗೆ ಅದು ನೀರಾಗುತ್ತದೆ. ಸುಮಾರು 400 ಡಿಗ್ರಿಯಲ್ಲಿ ಗಂಟೆಗಟ್ಟಲೆ ನೆನೆದ ಗಾಜಿನ ಮೇಲ್ಪದರದಿಂದ ಸೋಡಿಯಂ ಅಯಾನುಗಳು ಹೊರಬಂದು ಅವುಗಳ ಜಾಗಕ್ಕೆ ಪೊಟ್ಯಾಸಿಯಂ ಅಯಾನುಗಳು ಹೋಗುತ್ತವೆ. ಪೊಟ್ಯಾಸಿಯಂ ಗಾತ್ರದಲ್ಲಿ ಸೋಡಿಯಂಗಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚು ದೊಡ್ಡದು. ಸರ್ಕಾರಿ ಬಸ್ಸಿನ ಮೂವರ ಸೀಟಿನಲ್ಲಿ ನಡುವೆ ಕೂತಿದ್ದ ಹುಡುಗ ಎದ್ದುಹೋಗಿ ಅಲ್ಲಿಗೆ ದಪ್ಪನೆಯ ಆಸಾಮಿ ಬಂದು ಕೂತರೆ ಅಕ್ಕಪಕ್ಕದವರು ಹೇಗೆ ಒತ್ತಿಕೊಳ್ಳುತ್ತಾರೋ ಹಾಗೆ ಮೇಲ್ಪದರದ ಪರಮಾಣುಗಳೆಲ್ಲ ಒತ್ತಿಕೊಳ್ಳುತ್ತವೆ. ಗಾಜು ಆ ಶಾಖದಲ್ಲಿ ಮೆದುವಾಗುವುದಿಲ್ಲವಾದ್ದರಿಂದ ಸರಿದು ಜಾಗ ಮಾಡಿಕೊಡಲಾರದು, ಒತ್ತಡ ಅಲ್ಲೇ ಉಳಿಯುತ್ತದೆ. ಮೊಬೈಲ್ ಗಾಜಿನಲ್ಲಿ ಈ ಒತ್ತಡ 800 ಮೆಗಾಪಾಸ್ಕಲ್ ಆಸುಪಾಸು, ಚದರ ಸೆಂಟಿಮೀಟರಿಗೆ ಎಂಟು ಟನ್ ಭಾರವಿಟ್ಟಷ್ಟು. ಯಾವುದೇ ಬಿರುಕು ಬಾಯಿ ಬಿಡಬೇಕಾದರೆ ಮೊದಲು ಇದನ್ನು ಮೀರಬೇಕು.

ಪಾಲಿಶ್ ಮಾಡಿದರೆ ಸವೆದುಹೋಗುವ ಅಮೂಲ್ಯ ವಸ್ತು ಈ ಪದರವೇ.

ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪನಿ ಅದೇ 1962ರಲ್ಲಿ ಕೆಮ್‌ಕಾರ್ ಎಂಬ ಹೆಸರಿನಲ್ಲಿ ಇಂಥ ಗಾಜನ್ನು ಹೊರತಂದಿತು. ಗಾಜೇನೋ ಅದ್ಭುತವಾಗಿತ್ತು, ಕೊಳ್ಳುವವರೇ ಇರಲಿಲ್ಲ. ಕಾರಿನ ಮುಂಗಾಜಿಗೆ ಹಾಕಿಸಲು ನೋಡಿದರು. ಅಲ್ಲಿ ಬೇಕಾದದ್ದು ಇದಕ್ಕೆ ವಿರುದ್ಧ, ಅಪಘಾತದಲ್ಲಿ ತಲೆ ಬಡಿದಾಗ ಗಾಜು ಒಡೆದುಕೊಂಡು ತಲೆಯನ್ನು ಉಳಿಸಬೇಕು. 1971ರ ಹೊತ್ತಿಗೆ ಯೋಜನೆ ಅಟ್ಟಕ್ಕೆ ಹೋಯಿತು. ಮೂವತ್ತೈದು ವರ್ಷ ಕಳೆದು ಜಾಬ್ಸ್ ಗಾಜು ಹುಡುಕಿಕೊಂಡು ಬಂದಾಗ ಕಾರ್ನಿಂಗ್‌ನ ಮುಖ್ಯಸ್ಥ ವೆಂಡೆಲ್ ವೀಕ್ಸ್ ಮುಂದಿಟ್ಟದ್ದು ಆ ಹಳೆಯ ಕೆಲಸದ ಮುಂದುವರಿಕೆಯನ್ನು. ಗೊರಿಲ್ಲಾ ಗ್ಲಾಸ್ ಎಂದು ಜಗತ್ತು ಈಗ ಕರೆಯುವುದು ಅದನ್ನೇ. ಕೆಂಟಕಿ ರಾಜ್ಯದ ಹ್ಯಾರಡ್ಸ್‌ಬರ್ಗ್ ಕಾರ್ಖಾನೆಯನ್ನು ಅದಕ್ಕಾಗಿ ಅಣಿಗೊಳಿಸಿದರು. ಅಲ್ಲಿ ಗಾಜನ್ನು ಹಲಗೆಯಾಗಿಸುವ ಕ್ರಮವೇ ಗ್ರಿಫಿತ್ ಹೇಳಿದ್ದಕ್ಕೆ ತೋರಿದ ಗೌರವ. ಕರಗಿದ ಗಾಜು ಉದ್ದನೆಯ ದೋಣಿಯೊಂದರಲ್ಲಿ ತುಂಬಿ ಎರಡೂ ಬದಿಗೆ ಉಕ್ಕಿ ಹರಿಯುತ್ತದೆ, ದೋಣಿಯ ತಳದಲ್ಲಿ ಎರಡೂ ಹರಿವುಗಳು ಕೂಡಿ ಒಂದೇ ಹಾಳೆಯಾಗಿ ಕೆಳಗಿಳಿಯುತ್ತವೆ. ಹಾಳೆಯ ಎರಡೂ ಮುಖಗಳು ಗಾಳಿಯನ್ನು ಬಿಟ್ಟು ಏನನ್ನೂ ಮುಟ್ಟಿರುವುದಿಲ್ಲ.

ಈ ಒತ್ತಡ ಬಿಟ್ಟಿ ಸಿಕ್ಕಿದ್ದಲ್ಲ. ಹೊರಪದರ ಒತ್ತಿಕೊಂಡಿದ್ದರೆ ಒಳಗಿನ ಗಾಜು ಅದಕ್ಕೆ ಸರಿಸಮನಾಗಿ ಎಳೆತದಲ್ಲಿರಲೇಬೇಕು. ಇದು ಏನು ಮಾಡಬಲ್ಲದು ಎಂಬುದನ್ನು ಹದಿನೇಳನೇ ಶತಮಾನದಲ್ಲೇ ಯುರೋಪಿನವರು ಕಂಡಿದ್ದರು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಉದ್ದ ಬಾಲದ ಗೊದಮೊಟ್ಟೆಯಂಥ ಆಕಾರ ಸಿಗುತ್ತದೆ, ಪ್ರಿನ್ಸ್ ರೂಪರ್ಟನ ಹನಿ ಎಂದು ಅದರ ಹೆಸರು. ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ತಣಿದು ಕುಗ್ಗುವ ಒಳಭಾಗ ಅದನ್ನು ಒಳಕ್ಕೆ ಸೆಳೆದು ಒತ್ತುತ್ತದೆ. ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಒಡೆಯದ ಆ ಹನಿ ಬಾಲದ ತುದಿ ಮುರಿದರೆ ಇಡಿಯಾಗಿ ಪುಡಿಯಾಗುತ್ತದೆ. ಶ್ರೀನಿವಾಸನ್ ಚಂದ್ರಶೇಖರ್ ಮತ್ತು ಮುನಾವರ್ ಚೌಧ್ರಿ 1994ರಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದಾಗ ಬಿರುಕು ಸೆಕೆಂಡಿಗೆ ಒಂದೂವರೆ ಕಿಲೊಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿತ್ತು. ಬಿರುಕು ಒತ್ತಡದ ಪದರವನ್ನು ದಾಟಿ ಎಳೆತದ ಒಳನಾಡಿಗೆ ಹೊಕ್ಕರೆ ಆಮೇಲೆ ಹೊರಗಿನ ಬಲವೇ ಬೇಡ, ಒಳಗೆ ಕೂಡಿಟ್ಟ ಶಕ್ತಿಯೇ ಅದನ್ನು ಓಡಿಸುತ್ತದೆ. ಫೋನ್ ಬಿದ್ದಾಗ ಕಣ್ಣು ಮಿಟುಕಿಸುವ ಮೊದಲೇ ಜೇಡರಬಲೆ ಮೂಡುವುದು ಹೀಗೆ.

ಹಾಗಾದರೆ ಪದರವನ್ನು ಇನ್ನಷ್ಟು ಆಳ ಮಾಡಬಾರದೇಕೆ? ಫೋನಿನ ಗಾಜು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪ. ಸೋಡಿಯಂ-ಪೊಟ್ಯಾಸಿಯಂ ಅದಲುಬದಲಿನಿಂದ ಸಿಗುವ ಪದರ ಎರಡೂ ಮುಖಗಳಲ್ಲಿ ಸುಮಾರು 40-50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಇದನ್ನು ಅಷ್ಟೇ ಬಿಗಿಯಾಗಿ ಆಳಕ್ಕೆ ಒಯ್ದರೆ ನಡುವಣ ಎಳೆತ ಏರುತ್ತ ಹೋಗಿ ಗಾಜು ತಾನೇ ಒಂದು ದೊಡ್ಡ ರೂಪರ್ಟನ ಹನಿಯಾಗುತ್ತದೆ. ಇದಕ್ಕೆ ಕಂಡುಕೊಂಡ ಜಾಣ ಉಪಾಯ ಲಿಥಿಯಂ. ಗಾಜಿನಲ್ಲಿ ಲಿಥಿಯಂ ಇಟ್ಟುಕೊಂಡರೆ ಸೋಡಿಯಂ ಅದರ ಜಾಗಕ್ಕೆ ಬಲು ಆಳದವರೆಗೆ ಇಳಿಯುತ್ತದೆ, ಪೊಟ್ಯಾಸಿಯಂ ಮೇಲೆ ಮಾತ್ರ ನಿಲ್ಲುತ್ತದೆ. ಮೈಮೇಲೆ ತೀವ್ರ ಒತ್ತಡ, ಆಳಕ್ಕೆ ಹೋದಂತೆ ಸೌಮ್ಯ ಒತ್ತಡ. ಒಳಗಿನ ಎಳೆತ ಹಿಡಿತದಲ್ಲಿರುತ್ತದೆ.

ಆಳ ಯಾಕೆ ಬೇಕು ಎಂದರೆ ಬೀಳುವುದು ಬರೀ ಬಡಿತವಲ್ಲ. ಇನ್ನೂರು ಗ್ರಾಂ ಫೋನ್ ಒಂದೂವರೆ ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಸೆಕೆಂಡಿಗೆ ಐದೂವರೆ ಮೀಟರ್ ವೇಗ, ಸುಮಾರು ಮೂರು ಜೂಲ್ ಶಕ್ತಿ. ನುಣುಪಾದ ಗ್ರಾನೈಟ್ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದರೆ ಆ ಶಕ್ತಿ ಹರಡಿಹೋಗಿ ಗಾಜು ಉಳಿಯುವುದುಂಟು. ಡಾಂಬರು ರಸ್ತೆಯಲ್ಲಿ ಒಂದೇ ಒಂದು ಜಲ್ಲಿಯ ಮೊನೆ ಅಷ್ಟೂ ಶಕ್ತಿಯನ್ನು ಒಂದು ಬಿಂದುವಿಗೆ ತರುತ್ತದೆ, ಬಿರುಕನ್ನು ಪದರದ ಆಚೆಗೆ ತಳ್ಳುತ್ತದೆ. ಇಲ್ಲಿ ಹಳೆಯ ಗೀರುಗಳ ಲೆಕ್ಕವೂ ಸೇರುತ್ತದೆ. ತಿಂಗಳುಗಟ್ಟಲೆ ಮರಳಿನ ಕಣ ಕೊರೆದಿಟ್ಟ ಗೀರು ಪದರದ ಅರ್ಧ ದಾರಿಯನ್ನು ಮೊದಲೇ ಸವೆಸಿರುತ್ತದೆ. ಮೂರು ಸಲ ಬಿದ್ದಾಗ ಏನೂ ಆಗದ ಫೋನ್ ನಾಲ್ಕನೇ ಸಲ ಮೊಣಕಾಲೆತ್ತರದಿಂದ ಬಿದ್ದು ಒಡೆದರೆ ಅದರಲ್ಲಿ ಅಚ್ಚರಿಯಿಲ್ಲ.

ಒಂದು ಕಣ ಗಾಜಿನ ಮೇಲೆ ಎಳೆದುಹೋದಾಗ ಅಡಿಯಲ್ಲಿ ಎರಡು ಬಗೆಯ ಬಿರುಕು ಹುಟ್ಟುತ್ತವೆ. ಒಂದು ನೇರ ಕೆಳಗಿಳಿಯುತ್ತದೆ. ಇನ್ನೊಂದು ಕಣ ದಾಟಿಹೋದ ಮೇಲೆ ಮೈಗೆ ಸಮಾನಾಂತರವಾಗಿ ಅಡ್ಡ ಹರಡಿ ಮೇಲಕ್ಕೆದ್ದು ಚಕ್ಕೆಯಾಗುತ್ತದೆ. ಬೆಳಕನ್ನು ಚದುರಿಸಿ ಬಿಳಿ ಗೆರೆಯಾಗಿ ಕಣ್ಣಿಗೆ ಕಾಣುವುದು ಈ ಅಡ್ಡ ಬಿರುಕು. ಕೆಳಗಿಳಿದದ್ದು ಕಾಣುವುದೇ ಇಲ್ಲ, ಅಪಾಯವೆಲ್ಲ ಅದರಲ್ಲಿದೆ. ಪೆಟ್ಲುಪ್ಪಿನ ಸ್ನಾನ ಕೆಳಗಿಳಿಯುವ ಬಿರುಕನ್ನು ಅದುಮಿ ಹಿಡಿಯುತ್ತದೆ. ಗಾಜಿನ ಗಡಸುತನವನ್ನು ಮಾತ್ರ ಅದು ಸ್ವಲ್ಪವೇ ಏರಿಸುತ್ತದೆ. ಗಾಜಿನ ಬಲ ಹಲವು ಪಟ್ಟು ಏರಿದರೂ ಮೋಹ್ಸ್ ಏಣಿಯಲ್ಲಿ ಫೋನ್ ಇದ್ದ ಮೆಟ್ಟಿಲು ಬಿಟ್ಟು ಏಳದಿರುವುದು ಇದರಿಂದಲೇ.

ಗಾಜಿನ ಪಾಕವನ್ನೇ ಬದಲಿಸಬಹುದಲ್ಲ? ಬದಲಿಸಿದ್ದಾರೆ. ಪರಮಾಣುಗಳ ಬಲೆ ತುಸು ಸಡಿಲವಾಗಿರುವ ಗಾಜಿನ ಮೇಲೆ ಮೊನೆ ಒತ್ತಿದರೆ ಅಲ್ಲಿನ ಬಲೆ ಒತ್ತಾಗಿ ಕುಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಬಿರುಕು ತಡವಾಗಿ ಹುಟ್ಟುತ್ತದೆ. ಕುಗ್ಗುವ ಗಾಜಿನ ಮೇಲೆ ಗುರುತು ಬೇಗ ಮೂಡುತ್ತದೆ. ಬಲೆಯನ್ನು ಒತ್ತೊತ್ತಾಗಿ ಕಟ್ಟಿದರೆ ಗುರುತು ಕಡಿಮೆ, ಬಿರುಕು ಬೇಗ. ಗೊರಿಲ್ಲಾ ಗ್ಲಾಸಿನ ತಲೆಮಾರುಗಳನ್ನು ನೋಡಿದರೆ ಈ ತೂಗುಯ್ಯಾಲೆ ಕಾಣುತ್ತದೆ. 2013ರ ಮೂರನೆಯದು ಗೀರಿನ ಮೇಲೆ ಒತ್ತು ಕೊಟ್ಟಿತು. 2016ರ ಐದನೆಯದರ ಬಗ್ಗೆ ಕಂಪನಿ ಹೇಳಿಕೊಂಡದ್ದು ಬೀಳುವ ವಿಷಯವನ್ನೇ: 1.6 ಮೀಟರ್ ಎತ್ತರದಿಂದ ಒರಟು ನೆಲದ ಮೇಲೆ ಬೋರಲು ಬಿದ್ದರೂ ಶೇಕಡಾ 80ರಷ್ಟು ಸಲ ಉಳಿಯುತ್ತದೆ ಎಂದು. 2020ರ ವಿಕ್ಟಸ್ ಎರಡನ್ನೂ ಒಟ್ಟಿಗೆ ಸುಧಾರಿಸಿದೆ ಎಂದು ಹೇಳಿಕೊಂಡಿತು. ಪ್ರಯೋಗಾಲಯದ ಇಂಥ ಅಂಕಿಗಳನ್ನು ನಾನು ದಿಕ್ಕು ತಿಳಿಯಲು ಓದುತ್ತೇನೆ, ಭರವಸೆಯಾಗಿ ಅಲ್ಲ. ಜೇಬಿನ ಬೆಣಚುಕಲ್ಲು ಏಳರಲ್ಲೇ ಇದೆ, ಗಾಜು ಏಳರ ಕೆಳಗೇ ಇದೆ.

ಅದೇ ವರ್ಷ ಐಫೋನ್ 12ರಲ್ಲಿ ಬಂದ ಸೆರಾಮಿಕ್ ಶೀಲ್ಡ್ ಬೇರೆ ದಾರಿ ಹಿಡಿಯಿತು. ಅದರ ಬೇರು ಕಾರ್ನಿಂಗ್‌ನ ಡೊನಾಲ್ಡ್ ಸ್ಟೂಕಿ 1950ರ ದಶಕದ ಆರಂಭದಲ್ಲಿ ಕಂಡ ಒಂದು ಆಕಸ್ಮಿಕದಲ್ಲಿದೆ. 600 ಡಿಗ್ರಿಗೆ ಕಾಯಿಸಬೇಕಿದ್ದ ಗಾಜಿನ ತುಂಡು ಕುಲುಮೆ ಕೆಟ್ಟು 900 ಡಿಗ್ರಿಗೆ ಹೋಯಿತು. ಕರಗಿ ಹೋಗಿರಬೇಕಿದ್ದ ತುಂಡು ಬಿಳಿಯ ಬಿಲ್ಲೆಯಾಗಿತ್ತು. ಹೊರತೆಗೆಯುವಾಗ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜಿನೊಳಗೆ ಕೋಟ್ಯಂತರ ಪುಟ್ಟ ಹರಳುಗಳು ಬೆಳೆದಿದ್ದವು. ಓಡುವ ಬಿರುಕು ಪ್ರತಿ ಹರಳಿಗೂ ಎಡವಿ ದಾರಿ ತಿರುಗಬೇಕು, ತಿರುಗಿದಷ್ಟೂ ಶಕ್ತಿ ಸೋರುತ್ತದೆ. ಹರಳುಗಳನ್ನು ಬೆಳಕಿನ ತರಂಗಕ್ಕಿಂತ ಬಲು ಸಣ್ಣದಾಗಿ ಇಟ್ಟುಕೊಂಡರೆ ಗಾಜು ಪಾರದರ್ಶಕವಾಗಿಯೇ ಉಳಿಯುತ್ತದೆ. ಬೀಳುವುದನ್ನು ತಾಳುವಲ್ಲಿ ಇದು ದೊಡ್ಡ ಹೆಜ್ಜೆಯಾಯಿತು. ಗೀರಿನ ವಿಷಯದಲ್ಲಿ ಅಂಥ ಬದಲಾವಣೆ ಆಗಲಿಲ್ಲ.

ಗೀರೇ ಬೀಳದ ವಸ್ತು ಬೇಕೆಂದರೆ ಒಂಬತ್ತನೇ ಮೆಟ್ಟಿಲಿಗೆ ಹೋಗಬೇಕು. 2013ರಲ್ಲಿ ಆ್ಯಪಲ್ ಅದನ್ನೂ ಮಾಡಹೊರಟಿತು. ನೀಲಮಣಿಯನ್ನು ಕೃತಕವಾಗಿ ಬೆಳೆಸಲು ಜಿಟಿ ಅಡ್ವಾನ್ಸ್‌ಡ್ ಟೆಕ್ನಾಲಜೀಸ್ ಎಂಬ ಕಂಪನಿಗೆ 57.8 ಕೋಟಿ ಡಾಲರ್ ಮುಂಗಡ ಒಪ್ಪಿಕೊಂಡಿತು. ಅರಿಜೋನಾದ ಮೇಸಾದಲ್ಲಿ ಕುಲುಮೆಗಳು ಎದ್ದವು. ಎರಡು ಸಾವಿರ ಡಿಗ್ರಿ ದಾಟಿದ ಶಾಖದಲ್ಲಿ ಅಲ್ಯೂಮಿನಿಯಂ ಆಕ್ಸೈಡನ್ನು ಕರಗಿಸಿ, 262 ಕಿಲೊ ತೂಗುವ ಒಂದೊಂದೇ ಹರಳನ್ನು ವಾರಗಟ್ಟಲೆ ನಿಧಾನವಾಗಿ ತಣಿಸಿ ಬೆಳೆಸುವ ಗುರಿ. ಅಷ್ಟು ದೊಡ್ಡ ಹರಳು ದೋಷವಿಲ್ಲದೆ ಬೆಳೆಯಲು ಒಪ್ಪಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಐಫೋನ್ 6 ಎಂದಿನ ಗಾಜಿನೊಂದಿಗೇ ಬಂತು, ಅಕ್ಟೋಬರ್ 6ರಂದು ಜಿಟಿ ದಿವಾಳಿ ಅರ್ಜಿ ಹಾಕಿತು.

ಹರಳು ಬೆಳೆದಿದ್ದರೂ ನೀಲಮಣಿಯ ಪರದೆ ಒಳ್ಳೆಯ ಪರದೆಯಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಅದು ಗಾಜಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕ. ಗಾಜಿನ ಒಂದು ಮುಖ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಹಿಂದಕ್ಕೆ ಎಸೆದರೆ ನೀಲಮಣಿ ಸುಮಾರು ಶೇಕಡಾ 8ರಷ್ಟನ್ನು ಎಸೆಯುತ್ತದೆ. ಬಿಸಿಲಿನಲ್ಲಿ ಪರದೆ ಓದುವುದು ಇನ್ನೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಹರಳುಕಟ್ಟು ಬಿಗಿಯಾಗಿರುವುದರಿಂದ ಪೆಟ್ಲುಪ್ಪಿನಲ್ಲಿ ನೆನೆಸಿ ಮೈಗೆ ಒತ್ತಡ ತುಂಬಲಾಗದು. ಗಾಜಿನಂತೆ ತುಸು ಬಾಗಿ ಪೆಟ್ಟನ್ನು ಹಂಚಿಕೊಳ್ಳಲೂ ಅದು ಒಪ್ಪದು. ಕೈಗಡಿಯಾರದಲ್ಲಿ ನೀಲಮಣಿ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಅಗಲ ಕಡಿಮೆ, ದಪ್ಪ ಹೆಚ್ಚು, ಪಟ್ಟಿ ಕಟ್ಟಿರುವುದರಿಂದ ಬೀಳುವುದೂ ಅಪರೂಪ.

ಮಡಿಸುವ ಫೋನುಗಳಲ್ಲಿ ತಕ್ಕಡಿ ಇನ್ನೊಂದು ಕಡೆಗೆ ಪೂರ್ತಿ ವಾಲಿದೆ. ಹಾಳೆಯೊಂದನ್ನು ಬಾಗಿಸಿದಾಗ ಹೊರಮೈಯಲ್ಲಿ ಏಳುವ ಎಳೆತ ಅದರ ದಪ್ಪಕ್ಕೆ ತಕ್ಕಂತೆ ಏರುತ್ತದೆ. 0.6 ಮಿಲಿಮೀಟರಿನ ಗಾಜನ್ನು ಒಂದೂವರೆ ಮಿಲಿಮೀಟರ್ ತ್ರಿಜ್ಯಕ್ಕೆ ಮಡಿಸಬೇಕೆಂದರೆ ಲೆಕ್ಕದಲ್ಲಿ ಬರುವ ಎಳೆತ 14,000 ಮೆಗಾಪಾಸ್ಕಲ್, ಯಾವ ಹಾಳೆಯೂ ತಾಳದ್ದು. 30 ಮೈಕ್ರಾನಿಗೆ ತೆಳುಗೊಳಿಸಿದರೆ ಅದೇ ಮಡಿಕೆಗೆ 700 ಮಾತ್ರ. 2020ರ ಗ್ಯಾಲಕ್ಸಿ ಝೆಡ್ ಫ್ಲಿಪ್‌ನಲ್ಲಿ ಸ್ಯಾಮ್‌ಸಂಗ್ ಹಾಕಿದ್ದು ಅಷ್ಟು ತೆಳುವಾದ ಗಾಜು. ಅಂಥ ಗಾಜಿಗೆ ಒಂದು ಮರಳಿನ ಕಣ ಸಾಕಾದ್ದರಿಂದ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಬೇಕಾಯಿತು. ಆ ಹೊದಿಕೆಯ ಮೇಲೆ ಉಗುರೊತ್ತಿದರೂ ಗುರುತು ಉಳಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಲ್ಲಿ ಸಿಗುವ ಟೆಂಪರ್ಡ್ ಗ್ಲಾಸಿನ ಪೊಟ್ಟಣದ ಮೇಲಿನ 9ಎಚ್ ಎಂಬ ಮುದ್ರೆಯನ್ನು ನೋಡಿ. ಒಂಬತ್ತು ಎಂದ ಕೂಡಲೇ ನೀಲಮಣಿ ನೆನಪಾಗುವುದು ಸಹಜ. ಆ ಅಂಕಿಗೂ ಮೋಹ್ಸ್ ಏಣಿಗೂ ಯಾವ ಸಂಬಂಧವೂ ಇಲ್ಲ. ಅದು ಬಣ್ಣ ಮತ್ತು ಲೇಪನಗಳನ್ನು ಪರೀಕ್ಷಿಸುವ ಪೆನ್ಸಿಲ್ ಅಳತೆ. 9ಎಚ್ ಎಂಬ ಗಡಸು ಪೆನ್ಸಿಲ್ಲನ್ನು ಓರೆಯಾಗಿ ಒತ್ತಿ ಎಳೆದರೂ ಗೀರು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಯಾವ ಗಾಜಾದರೂ ಆ ಪರೀಕ್ಷೆ ಪಾಸಾಗುತ್ತದೆ. ಖರೀದಿಸುವವರಿಗೆ ಇದನ್ನು ತಿಳಿಸದೆ ಮಾರುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹಾಗೆಂದು ಟೆಂಪರ್ ಹಾಕಿಸಬೇಡಿ ಎನ್ನುವುದಿಲ್ಲ. ಜೇಬಿನ ಕಣಗಳು ಕೆರೆಯುವುದು ಆ ಮುನ್ನೂರು ಮೈಕ್ರಾನಿನ ಗಾಜನ್ನು, ಅಡಿಯ ಗಾಜಿನ ಒತ್ತಡದ ಪದರ ಹೊಸದರಂತೆ ಉಳಿಯುತ್ತದೆ. ಆದರೆ ಬಿದ್ದಾಗ ಟೆಂಪರ್ ಒಡೆದು ಪರದೆ ಉಳಿದರೆ ಅದೇ ಕಾಪಾಡಿತು ಎಂದುಕೊಳ್ಳುವ ಹಾಗಿಲ್ಲ. ತೆಳುವಾದ ಅದು ಒಡೆಯುವ ಪೆಟ್ಟಿಗೆ ಕೆಳಗಿನ ಗಾಜು ತಾನಾಗಿಯೇ ಉಳಿಯುವುದುಂಟು. ಬೀಳುವುದರಿಂದ ಕಾಪಾಡಲು ಪರದೆಗಿಂತ ತುಸು ಮೇಲೆದ್ದ ಅಂಚಿರುವ ರಬ್ಬರಿನ ಬ್ಯಾಕ್ ಕವರ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಜಲ್ಲಿಯ ಮೊನೆಯನ್ನು ಗಾಜಿನಿಂದ ದೂರ ಇಡುವುದು ಅದು.

ತಯಾರಕರು ಗೀರಿಗಿಂತ ಬಿರುಕಿಗೆ ಹೆಚ್ಚು ಹೆದರಿ, ಗೀರನ್ನು ಸಹಿಸುವ ಪಾಕಗಳತ್ತ ವಾಲಿರುವುದು ನನ್ನ ಪ್ರಕಾರ ಸರಿಯಾದ ಆಯ್ಕೆ. ಗೀರು ಬಿದ್ದ ಫೋನ್ ಫೋನಾಗಿಯೇ ಇರುತ್ತದೆ. ಒಡೆದದ್ದರ ಕಥೆ ಹಾಗಲ್ಲ, ಏಕೆಂದರೆ ಬಿರುಕು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ಶೆಲ್ಡನ್ ವೀಡರ್‌ಹಾರ್ನ್ 1967ರಲ್ಲಿ ಗಾಜಿನ ಬಿರುಕುಗಳನ್ನು ಬೇರೆಬೇರೆ ತೇವಾಂಶದ ಗಾಳಿಯಲ್ಲಿಟ್ಟು ಅಳೆದರು. ಎಳೆತ ಅಷ್ಟೇ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬಿರುಕು ಬೇಗ ತೆವಳಿತು. ನೀರಿನ ಅಣು ಬಿರುಕಿನ ಮೊನೆಗೆ ಹೋಗಿ, ಮೊದಲೇ ಬಿಗಿದು ನಿಂತಿರುವ ಸಿಲಿಕಾನ್-ಆಮ್ಲಜನಕ ಬಂಧವನ್ನು ಕತ್ತರಿಸುತ್ತದೆ. ಒಂದು ಬಂಧ ಹೋದರೆ ಎಳೆತ ಪಕ್ಕದ ಬಂಧದ ಮೇಲೆ, ಅಲ್ಲಿಗೆ ಇನ್ನೊಂದು ಅಣು. ಸುಮ್ಮನೆ ಮೇಜಿನ ಮೇಲಿಟ್ಟ ಫೋನಿನಲ್ಲಿಯೂ ಮೂಲೆಯ ಕೂದಲೆಳೆಯಂಥ ಬಿರುಕು ವಾರ ಕಳೆಯುವುದರೊಳಗೆ ಉದ್ದವಾಗುವುದಕ್ಕೆ ಇದು ಕಾರಣವಾಗಬಲ್ಲದು. ಕರಾವಳಿಯ ಮಳೆಗಾಲದ ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಬಿರುಕಿನ ಮೂಲಕ ತೇವ ಗಾಜನ್ನು ದಾಟಿ ಡಿಸ್‌ಪ್ಲೇಯನ್ನೂ ತಲುಪುತ್ತದೆ. ಫೋನ್ ನೀರು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಗಾಜು ಸೀಳಿದ ಮೇಲೆ ಅದನ್ನು ನಂಬುವಂತಿಲ್ಲ. ಆದ್ದರಿಂದ ಅಂಚಿನಲ್ಲಿ ಬಿರುಕು ಕಂಡ ದಿನವೇ ಫೋಟೊಗಳನ್ನು, ನಂಬರುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಟಚ್ ಕೆಲಸ ಮಾಡುತ್ತಿರುವಾಗಲೇ ರಿಪೇರಿಗೆ ಕೊಡಿ, ಆಗ ಮೇಲಿನ ಗಾಜನ್ನು ಮಾತ್ರ ಬಿಡಿಸಿ ಬೇರೆ ಅಂಟಿಸಲು ಬರುತ್ತದೆಯೇ ಎಂದು ಕೇಳಬಹುದು. ತಡಮಾಡಿದರೆ ಡಿಸ್‌ಪ್ಲೇಯನ್ನೂ ಸೇರಿಸಿ ಇಡೀ ಕಾಂಬೋ ಬದಲಿಸಬೇಕಾಗುತ್ತದೆ, ಖರ್ಚು ಹಲವು ಪಟ್ಟು.